ತಂಡವನ್ನು ಸೇರುವ ಮುನ್ನ

ಪ್ರತಿವರ್ಷವೂ ಕಾಲೇಜು ತೆರೆದು ಪ್ರವೇಶದ ಗದ್ದಲ ಮುಗಿಯುತ್ತಲೇ ನಮ್ಮ ಪ್ರಕಟನಾ ಫಲಕದಲ್ಲಿ ಒಂದು ಕಾಗದ ಕಾಣಿಸಿಕೊಳ್ಳುವುದು. ಬಾಸ್ಕೆಟ್‌ಬಾಲ್ ತಂಡವನ್ನು ಸೇರಲಿಚ್ಛಿಸುವವರು ತಮ್ಮ ಹೆಸರನ್ನು ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ಕೊಡತಕ್ಕದ್ದು ಎಂದು ಅದರಲ್ಲಿರುತ್ತದೆ. ಮೊದಲ ವಾರದಲ್ಲಿ 30 ಹೆಸರುಗಳಾದರೂ ಬರುವುವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಂಕಣದಲ್ಲಿ 10 ಮಂದಿ ಉಳಿದರೆ ಅದೇ ಹೆಚ್ಚು. ಬಿಟ್ಟುಹೋದವರೆಲ್ಲ ಸೋಮಾರಿಗಳೆಂದು ಹೇಳಿಬಿಡುವುದು ಸುಲಭ. ಆದರೆ ಮೂರು ವರ್ಷ ಈ ತಂಡದಲ್ಲಿದ್ದು, ಅದರಲ್ಲಿ ಬಹುಪಾಲನ್ನು ಬೆಂಚಿನ ಮೇಲೆಯೇ ಕಳೆದ ನನಗೆ ಕಾರಣ ಬೇರೆಯೆಂದು ತೋರುತ್ತದೆ. ಹೆಸರು ಕೊಡುವಾಗ ತಾವು ಯಾವ ಮಾತಿಗೆ ಒಪ್ಪಿಕೊಳ್ಳುತ್ತಿದ್ದೇವೆಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ನನಗೂ ಯಾರೂ ತಿಳಿಸಿರಲಿಲ್ಲ. ಆ ಕೊರತೆಯನ್ನು ನನ್ನ ಅನುಭವದ ಮಟ್ಟಿಗೆ ತುಂಬುವುದೇ ಈ ಲೇಖನದ ಉದ್ದೇಶ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಕಬಡ್ಡಿ, ವಾಲಿಬಾಲುಗಳನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ವಾಲಿಬಾಲಿಗೆ ಅಂಕಣ ಸಿದ್ಧವಾಗುವುದು. ಬಾಸ್ಕೆಟ್‌ಬಾಲ್ ಹಾಗಲ್ಲ. ಅದಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ನೆಲದಿಂದ 3.05 ಮೀಟರ್ ಎತ್ತರದಲ್ಲಿ ಅಲುಗಾಡದ ಹಲಗೆ ಮತ್ತು ರಿಂಗ್ ಬೇಕು. ಆದುದರಿಂದ ನಮ್ಮ ಹಳ್ಳಿಗಳಿಂದ ಬಂದ ಹೆಚ್ಚಿನವರು ಈ ಚೆಂಡನ್ನು ಮೊದಲು ಮುಟ್ಟುವುದೇ ಕಾಲೇಜಿನಲ್ಲಿ. ಕೈಚಳಕದಲ್ಲಿ ನಾವೆಲ್ಲರೂ ಹೆಚ್ಚು ಕಡಿಮೆ ಒಂದೇ ಮೆಟ್ಟಿಲಿನಿಂದ ಹೊರಡುತ್ತೇವೆ. ಮುಂದೆ ಯಾರು ಉಳಿಯುವರು, ಯಾರು ಬಿಡುವರು ಎಂಬುದನ್ನು ಕೈಚಳಕಕ್ಕಿಂತ ನಡತೆಯೇ ನಿರ್ಣಯಿಸುವುದು.

ಈ ಆಟದ ಹುಟ್ಟನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಇದನ್ನು ರೂಪಿಸಿದರು. ಹೊರಗೆ ಚಳಿಗಾಲ, ಒಳಗೆ ಬೇಸರಗೊಂಡ 18 ಮಂದಿ ಯುವಕರು. ಅವರು ಮೈಕೈ ಮುರಿದುಕೊಳ್ಳದೆ ಒಳಾಂಗಣದಲ್ಲಿಯೇ ಆಡಬಹುದಾದ ಆಟವೊಂದು ಬೇಕಾಗಿತ್ತು. ನೈಸ್ಮಿತ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ 13 ನಿಯಮಗಳನ್ನು ಬರೆದರು. ಅವುಗಳಲ್ಲಿ ಎರಡನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಒಂದು, ಚೆಂಡನ್ನು ಹಿಡಿದವನು ಅದರೊಡನೆ ಓಡಕೂಡದು. ಹಿಡಿದ ಜಾಗದಿಂದಲೇ ಎಸೆಯಬೇಕು. ಇನ್ನೊಂದು, ಒಂದು ಪಕ್ಷದವರು ಎದುರಾಳಿಗಳು ಯಾವ ತಪ್ಪನ್ನೂ ಮಾಡದಿರುವಾಗ ಸಾಲಾಗಿ ಮೂರು ತಪ್ಪು ಮಾಡಿದರೆ ಅದು ಎದುರಾಳಿಗಳಿಗೆ ಒಂದು ಗೋಲಾಗಿ ಎಣಿಕೆಯಾಗುವುದು. ಮೊದಲ ನಿಯಮದ ತಾತ್ಪರ್ಯ, ಒಬ್ಬನೇ ಎಷ್ಟೇ ಬಲಶಾಲಿಯಾದರೂ ಪಕ್ಕದವನಿಗೆ ಚೆಂಡನ್ನು ಕೊಡದೆ ಗತ್ಯಂತರವಿಲ್ಲವೆಂಬುದು. ಎರಡನೆಯದರ ತಾತ್ಪರ್ಯ, ಒಬ್ಬನ ತಪ್ಪಿನ ದಂಡವನ್ನು ಎಲ್ಲರೂ ತೆರಬೇಕೆಂಬುದು. ಇಂದು ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡಬಹುದು. ನಿಯಮಗಳೂ ಬಹಳ ಬದಲಾಗಿವೆ. ಆದರೂ ಒಬ್ಬ ಆಟಗಾರನು 5 ಫೌಲ್ ಮಾಡಿದರೆ ಆ ಪಂದ್ಯದಿಂದ ಹೊರಗುಳಿಯಬೇಕು. 10 ನಿಮಿಷದ ಒಂದು ಪಾದದಲ್ಲಿ ಇಡೀ ತಂಡದ ಫೌಲುಗಳು ನಾಲ್ಕನ್ನು ಮೀರಿದರೆ ಎದುರಾಳಿಗೆ ಫ್ರೀ ಥ್ರೋ ದೊರೆಯುವುದು. ಹಳೆಯ ತತ್ತ್ವ ಹಾಗೆಯೇ ಉಳಿದಿದೆ.

ಇನ್ನು ತಂಡವು ನಮ್ಮಿಂದ ಏನನ್ನು ಬಯಸುವುದೆಂಬುದನ್ನು ನೋಡೋಣ.

ಮೊದಲನೆಯದು ಸಮಯ. ನಮ್ಮ ತಂಡದಲ್ಲಿ ಬೈಂದೂರಿನ ಆಚೆಯಿಂದ ಬರುವವರಿದ್ದಾರೆ, ಬ್ರಹ್ಮಾವರದಿಂದ ಬರುವವರೂ ಇದ್ದಾರೆ. ಬೆಳಗಿನ ಅಭ್ಯಾಸಕ್ಕೆ ಕೆಲವರು ಕತ್ತಲಿರುವಾಗಲೇ ಬಸ್ಸು ಹತ್ತಬೇಕು. ಮೊದಲ ವರ್ಷ ಒಂದು ದಿನ ನಾನು ಹೇಳದೆ ಕೇಳದೆ ಅಭ್ಯಾಸಕ್ಕೆ ತಪ್ಪಿಸಿಕೊಂಡೆ. ಕಾರಣವಿಲ್ಲದಿರಲಿಲ್ಲ. ನನ್ನ ತಂದೆಯವರು ಕೈರಂಪಣಿಯ ಕೆಲಸದವರು. ಅಂದು ಬಲೆಗೆ ಬಂಗುಡೆ ಬಿದ್ದು ಕೈಗಳು ಸಾಲದಾಗಿದ್ದುವು. ಮರುದಿನ ತಿಳಿದುಬಂತು, ನಾನಿಲ್ಲದೆ ಅಂಕಣದಲ್ಲಿ 9 ಮಂದಿ ಉಳಿದಿದ್ದರಂತೆ. ಐದು ಮಂದಿಯ ಎರಡು ಪಕ್ಷ ಮಾಡಲು 10 ಮಂದಿ ಬೇಕು. ಅವರು ಅರ್ಧ ಗಂಟೆ ನನ್ನ ದಾರಿ ನೋಡಿ, ಸುಮ್ಮನೆ ಚೆಂಡೆಸೆದು ಹಿಂದಿರುಗಿದ್ದರು. ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪಯ್ಯ ನನ್ನ ಪಕ್ಷ ವಹಿಸಲಿಲ್ಲ. "ಬತ್ತೆ ಅಂದ್ ಹೇಳಿ ಬಾರ್ದೆ ಇಪ್ಪುದ್ಕಿಂತ, ಬತ್ತಿಲ್ಲೆ ಅಂದ್ ಮೊದ್ಲೇ ಹೇಳುದ್ ಒಳ್ಳೇದ್, ಮಗಾ" ಎಂದರು.

ಅವರಿಗೆ ಬಾಸ್ಕೆಟ್‌ಬಾಲಿನ ಗಂಧವಿಲ್ಲ. ಆದರೆ ಕೈರಂಪಣಿಯನ್ನು ನೋಡಿದವರಿಗೆ ಆ ಮಾತಿನ ಅರ್ಥವಾದೀತು. ಬಲೆಯ ಒಂದು ಹಗ್ಗ ದಡದಲ್ಲಿಯೇ ಉಳಿಯುವುದು. ದೋಣಿಯು ಕಡಲಿನಲ್ಲಿ ಅರ್ಧ ಸುತ್ತು ಬಂದು ಇನ್ನೊಂದು ಹಗ್ಗವನ್ನು ದಡಕ್ಕೆ ತರುವುದು. ಆಮೇಲೆ ಎರಡು ಸಾಲು ಜನ ಎರಡೂ ಕಡೆಗಳಿಂದ ಒಂದೇ ಸಮನೆ ಎಳೆಯಬೇಕು. ಒಂದು ಸಾಲು ಸಡಿಲಿಸಿದರೆ ಇನ್ನೊಂದು ಸಾಲಿನ ಶ್ರಮವೂ ನೀರುಪಾಲು. ತಂಡಕ್ಕೆ ಹೆಸರು ಕೊಡುವುದೆಂದರೆ ಅಂತಹ ಹಗ್ಗವೊಂದನ್ನು ಹಿಡಿಯುತ್ತೇನೆಂದು ಮಾತು ಕೊಟ್ಟಂತೆ. ಮನೆಯ ಕೆಲಸಕ್ಕೆ ರಜೆ ಬೇಕಾಗುವುದು ತಪ್ಪಲ್ಲ, ತಿಳಿಸದಿರುವುದು ತಪ್ಪು.

ಎರಡನೆಯದು, ನಮಗೆ ಒದಗಿದ ಸ್ಥಾನವನ್ನು ಒಪ್ಪಿ ದುಡಿಯುವುದು. ಇದಕ್ಕೆ ನಮ್ಮ ಕುಂದಾಪುರ ಸೀಮೆಯವರೇ ಆದ ಗುರುರಾಜ ಪೂಜಾರಿಯವರ ನಿದರ್ಶನವಿದೆ. ಅವರು ಲಾರಿ ಚಾಲಕರೊಬ್ಬರ ಮಗ. ಅವರಿಗೆ ಮೊದಲಿದ್ದ ಒಲವು ಕುಸ್ತಿಯಲ್ಲಿ. ಉಜಿರೆಯ ಕಾಲೇಜಿನಲ್ಲಿದ್ದಾಗ ಅವರು ಭಾರ ಎತ್ತುವ ಸ್ಪರ್ಧೆಯತ್ತ ತಿರುಗಿದರು. 2018ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನಲ್ಲಿ ಜರುಗಿದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವದು. ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆಯು ವಿಭಾಗಗಳನ್ನು ಬದಲಿಸಿದುದರಿಂದ ಅವರು ಗೆದ್ದ 56 ಕಿಲೋ ವಿಭಾಗವೇ ಇಲ್ಲದಂತಾಯಿತು. ಅವರು 61 ಕಿಲೋ ವಿಭಾಗಕ್ಕೆ ತಮ್ಮನ್ನು ಹೊಂದಿಸಿಕೊಂಡು 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೋ ಎತ್ತಿ ಕಂಚಿನ ಪದಕ ತಂದರು. ಅವರದು ಒಬ್ಬರೇ ಸ್ಪರ್ಧಿಸುವ ಕ್ರೀಡೆ ನಿಜ. ಆದರೆ "ನಾನು ಮುಂದೆ ನಿಂತು ಬುಟ್ಟಿಗೆ ಎಸೆಯುವವನು, ಹಿಂದೆ ನಿಂತು ತಡೆಯುವವನಲ್ಲ" ಎಂದು ಹಟ ಹಿಡಿಯುವ ನಮ್ಮಂಥವರಿಗೆ ಅದರಲ್ಲಿ ಪಾಠವಿಲ್ಲದಿಲ್ಲ.

ಮೂರನೆಯದು ಬೆಂಚು. ಇದು ನನ್ನ ವಿಷಯವಾದುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಒಂದು ತಂಡದಲ್ಲಿ 12 ಮಂದಿ ಇರಬಹುದು. ಅಂಕಣದಲ್ಲಿರುವವರು 5 ಮಂದಿ. ಪಂದ್ಯದ ಅವಧಿ 40 ನಿಮಿಷ. ಐದು ಮಂದಿಯ ಆಟದ ಸಮಯವನ್ನು ಕೂಡಿಸಿದರೆ 200 ನಿಮಿಷವಾಗುವುದು. ಅದನ್ನು ಹನ್ನೆರಡು ಮಂದಿಗೂ ಸಮನಾಗಿ ಹಂಚಿದರೂ ಒಬ್ಬನಿಗೆ ಬರುವುದು 16 ನಿಮಿಷ 40 ಸೆಕೆಂಡು ಮಾತ್ರ. ಸ್ಪರ್ಧೆಯಲ್ಲಿ ಸಮನಾಗಿ ಹಂಚುವವರೂ ಇಲ್ಲ. ಎಂದ ಮೇಲೆ ತಂಡವನ್ನು ಸೇರುವವನು ಹೆಚ್ಚು ಹೊತ್ತು ಕುಳಿತಿರಲು ಸಿದ್ಧನಾಗಿಯೇ ಬರಬೇಕು.

ನಾನು ಸಿದ್ಧನಾಗಿರಲಿಲ್ಲ. ಎರಡನೆಯ ವರ್ಷದ ಅಂತರ ಕಾಲೇಜು ಪಂದ್ಯಾಟದಲ್ಲಿ ಬ್ರಹ್ಮಾವರದ ಕಡೆಯ ಗೆಳೆಯನೊಬ್ಬನನ್ನು ಮೊದಲ ಐವರಲ್ಲಿ ಸೇರಿಸಿ ನನ್ನನ್ನು ಬೆಂಚಿನಲ್ಲಿರಿಸಿದರು. ನನಗೆ ಅದು ಅನ್ಯಾಯವೆಂದೇ ತೋರಿತು. ಮುಖ ತಿರುಗಿಸಿ ಕುಳಿತು ಬೇರೆ ಕಾಲೇಜಿನ ಪರಿಚಿತರೊಡನೆ ಹರಟುತ್ತಿದ್ದೆ. ಕೊನೆಗೆ ಮೂರು ನಿಮಿಷ ಉಳಿದಿರುವಾಗ ಆ ಗೆಳೆಯನ ಐದನೆಯ ಫೌಲ್ ಆಯಿತು, ನನ್ನನ್ನು ಕರೆದರು. ನಾನು ತಡೆಯಬೇಕಾಗಿದ್ದ ಎದುರಾಳಿ ಎಡಗೈಯವನು. ಪ್ರತಿ ಸಲವೂ ಎಡಕ್ಕೇ ಹೊರಳುತ್ತಿದ್ದನು. ನಮ್ಮ ಪಕ್ಷದ ಎಲ್ಲರೂ ಅದನ್ನು ಅರ್ಧ ಆಟದೊಳಗೆ ಕಂಡುಕೊಂಡಿದ್ದರು. ನಾನೊಬ್ಬನು ಕಂಡಿರಲಿಲ್ಲ. ಅವನು ಎರಡು ಸಲ ನನ್ನನ್ನು ದಾಟಿ ಹೋಗಿ 4 ಅಂಕ ಗಳಿಸಿದನು. ನಾವು 2 ಅಂಕಗಳಿಂದ ಸೋತೆವು. ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ನಿರ್ದೇಶಕರು ಮಾತ್ರ ಪಕ್ಕದಲ್ಲಿ ಕುಳಿತು, "ಅವ ಎಡಗೈಯವ ಅಂತ ನಿಂಗೆ ಗೊತ್ತಿರ್ಲಿಲ್ವಾ ಮಾರಾಯ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಬುಟ್ಟಿಯ ಅಂತರ ಎಷ್ಟು ದೊಡ್ಡದೆಂಬುದನ್ನು 2017ರಲ್ಲಿ ಬೆಂಗಳೂರಿನವರು ಕಣ್ಣಾರೆ ಕಂಡಿದ್ದಾರೆ. ಅಲ್ಲಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ತಂಡವು ಕಜಾಕಸ್ತಾನವನ್ನು 75-73ರಿಂದ ಸೋಲಿಸಿತು. ಅಂತರ ಅದೇ 2 ಅಂಕ. ಅಷ್ಟು ಕಿರಿದಾದ ಅಂತರದಲ್ಲಿ ಅಂಕಣದಲ್ಲಿದ್ದವರ ಪಾಲೆಷ್ಟು, ಬೆಂಚಿನಲ್ಲಿ ಕಣ್ಣು ತೆರೆದು ಕುಳಿತವರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಮ್ಮ ಕಡೆಯ ಯಕ್ಷಗಾನ ಮೇಳಗಳಲ್ಲಿ ಹುಡುಗನು ಮೊದಲು ಕೋಡಂಗಿ, ಬಾಲಗೋಪಾಲ ವೇಷಗಳನ್ನು ಕಟ್ಟುವನು. ಉಳಿದ ರಾತ್ರಿಯೆಲ್ಲ ಹಿರಿಯರ ವೇಷಗಳನ್ನು ನೋಡಿ ಕಲಿಯುವನು. ನೋಡುವುದೂ ಅಭ್ಯಾಸವೆಂಬುದು ನಮ್ಮ ನೆಲಕ್ಕೆ ಹೊಸತಲ್ಲ. ನಾನು ಅದನ್ನು ಮರೆತಿದ್ದೆನಷ್ಟೆ.

ಇಷ್ಟು ತಂಡವು ನಮ್ಮಿಂದ ಬಯಸತಕ್ಕದ್ದು. ಆದರೆ ಮಾತು ಒಂದೇ ಕಡೆಯದಾದರೆ ಅದು ಒಪ್ಪಂದವೆನಿಸದು. ಸೇರುವವನಿಗೂ ತಂಡದಿಂದ ಕೆಲವನ್ನು ಕೇಳುವ ಹಕ್ಕಿದೆಯೆಂದು ನಾನು ತಿಳಿಯುತ್ತೇನೆ.

ಆಯ್ಕೆ ಎಲ್ಲರೆದುರಿನಲ್ಲಿ ನಡೆಯಬೇಕು. ಬಿಟ್ಟವರಿಗೆ ಏಕೆ ಬಿಟ್ಟೆವೆಂಬುದನ್ನು ಒಂದು ಮಾತಿನಲ್ಲಾದರೂ ತಿಳಿಸಬೇಕು. ನನಗೂ ಆ ದಿನ ಕಾರಣ ತಿಳಿದಿದ್ದರೆ ಇಷ್ಟು ಮುನಿಯುತ್ತಿರಲಿಲ್ಲವೇನೋ. ಆದರೆ ಕೇಳುವ ಬಾಯಿ ನನಗೂ ಇತ್ತು, ನಾನು ಕೇಳಲಿಲ್ಲ. ಕಾಲು ಉಳುಕಿದವನನ್ನು "ಹೇಗಾದರೂ ಆಡು" ಎಂದು ಒತ್ತಾಯಿಸಬಾರದು; ಅವನೂ ನೋವನ್ನು ಮುಚ್ಚಿಡಬಾರದು. ಪರೀಕ್ಷೆಯ ದಿನಗಳಲ್ಲಿ ಅಭ್ಯಾಸವನ್ನು ಕಡಿಮೆ ಮಾಡಬೇಕು. ತಂಡದಲ್ಲಿದ್ದೇನೆಂಬುದನ್ನು ತರಗತಿ ತಪ್ಪಿಸುವುದಕ್ಕೆ ನೆಪವಾಗಿ ಬಳಸುವವರಿಂದ ಅಧ್ಯಾಪಕರಿಗೆ ಕ್ರೀಡೆಯ ಮೇಲೆಯೇ ಬೇಸರ ಬಂದರೆ ಆಶ್ಚರ್ಯವಿಲ್ಲ.

ವಿದ್ಯಾರ್ಥಿನಿಯರ ವಿಷಯದಲ್ಲಿ ಮತ್ತೊಂದು ಮಾತು. ಅವರು ಬೇಗ ಬಿಟ್ಟುಬಿಡುತ್ತಾರೆಂಬ ದೂರನ್ನು ನಾನು ಹಲವು ಸಲ ಕೇಳಿದ್ದೇನೆ. ಆದರೆ ಸಂಜೆ ಆರರ ತನಕ ಅಭ್ಯಾಸವಿರಿಸಿ, ಒಳದಾರಿಯ ಊರಿಗೆ ಹೋಗುವ ಕೊನೆಯ ಬಸ್ಸು ಅದಕ್ಕೆ ಮೊದಲೇ ಹೊರಟುಹೋದರೆ ಯಾವ ತಾಯಿತಂದೆಯರು ಒಪ್ಪಿಯಾರು? ಆಟದ ವೇಳೆಯನ್ನು ಗೊತ್ತುಮಾಡುವಾಗ ಬಸ್ಸಿನ ವೇಳಾಪಟ್ಟಿಯನ್ನೂ ಮೇಜಿನ ಮೇಲಿಟ್ಟುಕೊಂಡರೆ ಅರ್ಧ ದೂರು ಅಲ್ಲಿಯೇ ಕರಗೀತು.

ಮಳೆಯ ಮಾತನ್ನೂ ಹೇಳದಿರಲಾಗದು. ಒಳಾಂಗಣಕ್ಕಾಗಿಯೇ ಹುಟ್ಟಿದ ಆಟವನ್ನು ನಾವು ಬಯಲಿನಲ್ಲಿ ಆಡುತ್ತಿದ್ದೇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಸಿಮೆಂಟಿನ ನೆಲದಲ್ಲಿ ಪಾಚಿ ಕಟ್ಟುವುದು. ಅಲ್ಲಿ ಓಡಿದರೆ ಜಾರಿ ಬೀಳುವುದು ಖಂಡಿತ. ಹೆಸರು ಕೊಟ್ಟವರಲ್ಲಿ ಹೆಚ್ಚಿನವರ ಉತ್ಸಾಹ ಆರುವುದೂ ಈ ತಿಂಗಳುಗಳಲ್ಲಿಯೇ. ಆದರೆ ಮೊಗಸಾಲೆಯಲ್ಲಿ ನಿಂತು ಎರಡೂ ಕೈಗಳಿಂದ ಚೆಂಡನ್ನು ಪುಟಿಸಬಹುದು, ಹಗ್ಗದಾಟ ಆಡಬಹುದು, ನಿಯಮಗಳ ಪುಸ್ತಕವನ್ನು ಕೂಡಿ ಓದಬಹುದು. ನೆಲ ಒಣಗಿದ ದಿನ ಮಳೆಯಲ್ಲಿ ಕಲಿತವನು ಯಾರು, ಮಲಗಿದವನು ಯಾರೆಂದು ಐದೇ ನಿಮಿಷದಲ್ಲಿ ತಿಳಿದುಹೋಗುವುದು.

ಕೊನೆಯದಾಗಿ ಒಂದು ಸೂಚನೆ. ಹೆಸರು ಬರೆದುಕೊಳ್ಳುವ ದಿನ ತಂಡದ ಅಪೇಕ್ಷೆಗಳನ್ನೂ ಆಟಗಾರರ ಹಕ್ಕುಗಳನ್ನೂ ಒಂದು ಹಾಳೆಯಲ್ಲಿ ಬರೆದು ಎಲ್ಲರೆದುರು ಓದಿ ಹೇಳುವ ಪದ್ಧತಿಯನ್ನು ನಮ್ಮ ಕಾಲೇಜಿನಲ್ಲಿ ಆರಂಭಿಸಬೇಕೆಂದು ನಾನು ಗುರುಹಿರಿಯರಲ್ಲಿ ವಿನಂತಿಸುತ್ತೇನೆ. ಅದನ್ನು ಕೇಳಿ 30ರಲ್ಲಿ 15 ಮಂದಿ ಹಿಂದೆ ಸರಿದರೂ ನಷ್ಟವಿಲ್ಲ. ಉಳಿದ 15 ಮಂದಿ ತಿಳಿದು ಉಳಿದವರಾಗಿರುವರು. ಮುಂದಿನ ವರ್ಷ ಆ ಕಾಗದ ಫಲಕಕ್ಕೆ ಬರುವಾಗ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಬೆಂಚಿನ ಮೇಲಿನ ನನ್ನ ಜಾಗಕ್ಕೆ ಬರುವ ಕಿರಿಯ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಎದುರಾಳಿ ಯಾವ ಕೈಯವನೆಂಬುದನ್ನು ಮೊದಲು ನೋಡಿಕೊಳ್ಳಿರಿ.