ಆ ಏಳು ಎಲ್ಲಿಂದ ಬಂತು?

ಪ್ರೀತಿಯ ಪುಟ್ಟಿ,

ಹೊಸ ಪಿಸ್ತೂಲು ಕೊಂಡರೆ ಅಂಕ ಏರುತ್ತದೆಯೇ ಎಂದು ಕೇಳಿದ್ದೀಯ. ಈಗ ತಾನೆ ಪಿಸ್ತೂಲು ಹಿಡಿದ ಬೇರೆ ಮಕ್ಕಳೂ ಓದಲಿ ಅಂತ ಉತ್ತರವನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನಿನ್ನಪ್ಪ ಸಾಲ ಮಾಡಿಯಾದರೂ ಕೊಡಿಸುವ ಮನುಷ್ಯ. ಅವನಿಗೂ ಓದಿ ಹೇಳು: ಸದ್ಯಕ್ಕೆ ಬೇಡ. ಆ ದುಡ್ಡಿನಲ್ಲಿ ಸ್ವಲ್ಪ ಪೆಲೆಟ್‌ಗೆ ಹೋಗಲಿ, ಸ್ವಲ್ಪ ನಿನ್ನ ಅಂಗೈಗೆ ಸರಿಯಾಗಿ ಕೂರುವ ಗ್ರಿಪ್‌ಗೆ.

ನೀನು ಕಳಿಸಿದ ಟಾರ್ಗೆಟ್ ಹಾಳೆಗಳನ್ನು ನೋಡಿದೆ. ಹತ್ತು, ಹತ್ತು, ಒಂಬತ್ತು, ಇದ್ದಕ್ಕಿದ್ದಂತೆ ಏಳು. ಪಿಸ್ತೂಲಿನದೇ ದೋಷವಾದರೆ ಸಾಮಾನ್ಯವಾಗಿ ಎಲ್ಲ ಗುಂಡುಗಳೂ ಚೆದುರುತ್ತವೆ, ಇಲ್ಲವೇ ಗುಂಪಿಗೆ ಗುಂಪೇ ಒಂದು ಪಕ್ಕಕ್ಕೆ ಸರಿಯುತ್ತದೆ. ನಿನ್ನದು ಹಾಗಿಲ್ಲ.

ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್ 4.5 ಮಿ.ಮೀ. ಗೆರೆ ತಾಗಿದರೂ ಹತ್ತೇ ಆದ್ದರಿಂದ ನಡುಬಿಂದುವಿನಿಂದ ಸುಮಾರು 8 ಮಿ.ಮೀ. ತಪ್ಪಿದರೂ ನಿನಗೆ ನಷ್ಟವಿಲ್ಲ. ಎರಡೂ ಸೈಟುಗಳು ಸರಿಯಾಗಿ ಹೊಂದಿಕೊಂಡಿದ್ದು, ಅವು ಗುರಿಯ ಮೇಲೆ 5 ಮಿ.ಮೀ. ಆಚೀಚೆ ತೇಲುತ್ತಿದ್ದರೆ ಗುಂಡು ತಪ್ಪುವುದೂ ಅಷ್ಟೇ. ಈಗ ಇನ್ನೊಂದು ಲೆಕ್ಕ ಮಾಡು. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನೊಳಗೆ ಬರೀ 1 ಮಿ.ಮೀ. ವಾಲಿತು ಅಂದುಕೊ. ಎರಡರ ನಡುವೆ 35 ಸೆಂ.ಮೀ. ಅಂತರವಿದ್ದರೆ, ಆ ಒಂದು ಮಿಲಿಮೀಟರು ಹತ್ತು ಮೀಟರ್ ದಾಟುವಷ್ಟರಲ್ಲಿ 28 ಮಿ.ಮೀ. ಮೀರುತ್ತದೆ. ನಿನ್ನ ಏಳು ಬಂದದ್ದು ಅಲ್ಲಿಂದ.

ಕೈ ಅಲುಗುತ್ತದೆ ಎಂದು ನೀನು ಗೋಳಾಡುತ್ತೀಯ. ಎಲ್ಲರ ಕೈಯೂ ಅಲುಗುತ್ತದೆ. ಸೈಟು ಕಪ್ಪು ವೃತ್ತದ ಕೆಳಗೆ ಸರಿಯಾಗಿ ಬಂದು ನಿಂತ ಕ್ಷಣ ಹಿಡಿಯುತ್ತೇನೆ ಎಂದು ಟ್ರಿಗರನ್ನು ಜಗ್ಗುತ್ತೀಯಲ್ಲ, ಸೈಟು ವಾಲುವುದು ಆಗಲೇ. ಕಣ್ಣಿಗೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಮುಂದಿನ ಸೈಟು ಚೂಪಾಗಿ ಕಾಣಲಿ, ಕಪ್ಪು ಮಸುಕಾಗಿಯೇ ಇರಲಿ. ಅದರ ಕೆಳಗಿನ ಬಿಳಿ ಜಾಗದಲ್ಲಿ ಸೈಟನ್ನು ತೇಲಲು ಬಿಟ್ಟು ಬೆರಳನ್ನು ನಿಧಾನವಾಗಿ, ನೇರ ಹಿಂದಕ್ಕೆ ಒತ್ತುತ್ತಾ ಹೋಗು. ನಿಯಮದ ಪ್ರಕಾರ ಟ್ರಿಗರಿನ ಒತ್ತಡ ಕನಿಷ್ಠ 500 ಗ್ರಾಂ ಇರಬೇಕು. ಅದಕ್ಕಿಂತ ಹಗುರ ಮಾಡಿಕೊಡಿ ಎಂದು ಯಾರನ್ನೂ ಪೀಡಿಸಬೇಡ. ಗುಂಡು ಹೋದ ಮೇಲೂ ಒಂದೆರಡು ಕ್ಷಣ ಸೈಟನ್ನೇ ನೋಡುತ್ತಿರು. ಎಂಟು ಹತ್ತು ಸೆಕೆಂಡಿನಲ್ಲಿ ಗುಂಡು ಹೊರಡದಿದ್ದರೆ ಕೈ ಇಳಿಸು. ಅರವತ್ತು ಗುಂಡಿಗೆ 75 ನಿಮಿಷ ಕೊಡುತ್ತಾರೆ, ಅಂದರೆ ತಲಾ ಒಂದೂಕಾಲು ನಿಮಿಷ. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ.

ಮನೆಯಲ್ಲಿ ಡ್ರೈ ಫೈರ್, ಅಂದರೆ ಖಾಲಿ ಹೊಡೆತದ ಅಭ್ಯಾಸ, ಮಾಡುವಾಗ ಮೊದಲು ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡು. ಟಾರ್ಗೆಟ್ ಅಂಟಿಸಬೇಡ, ಬೋಳು ಗೋಡೆ ಸಾಕು. ನೋಡಲು ಬೇರೇನೂ ಇಲ್ಲದಾಗ ಕಣ್ಣು ತಾನಾಗಿ ಸೈಟಿಗೆ ಬರುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಒಂದು ಕೈ ಜೇಬಿನಲ್ಲಿಟ್ಟು, ಮಾಮೂಲಿ ಕನ್ನಡಕದಲ್ಲಿ ಗುರಿಯಿಟ್ಟ ಚಿತ್ರ ನೋಡಿ ನಿಮ್ಮ ಗೆಳೆಯರೆಲ್ಲ ಕುಣಿದರಲ್ಲ! ಮಿಶ್ರ ತಂಡದ ಬೆಳ್ಳಿ ಬಂದದ್ದು ನಿಜ. ಆದರೆ ಜೇಬಿನಲ್ಲಿ ಕೈ ಇಡುವುದು ಠೀವಿಗಲ್ಲ, ಪಿಸ್ತೂಲು ಹಿಡಿಯದ ತೋಳು ತೂಗಾಡದಿರಲಿ ಅಂತ. ಪಿಸ್ತೂಲಿನವರಲ್ಲಿ ಅದು ಹಳೆಯ ಅಭ್ಯಾಸ.

ಇನ್ನು ಆರೈಕೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೈಕೊಟ್ಟಿತು. ದುರಸ್ತಿಗೆ ಅಮೂಲ್ಯ ನಿಮಿಷಗಳು ಹೋದವು, 575 ಅಂಕ ಬಂದರೂ ಫೈನಲ್ ತಪ್ಪಿತು. ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 580 ಹೊಡೆದು, ಫೈನಲ್‌ನಲ್ಲಿ ಕಂಚು ಗೆದ್ದರು. ಎಷ್ಟು ಜೋಪಾನ ಮಾಡಿದರೂ ಯಂತ್ರ ಕೈಕೊಡಬಹುದು, ನಿಜ. ಆದರೆ ನಿನ್ನ ಗ್ರಿಪ್‌ನ ಸ್ಕ್ರೂ ಸಡಿಲವಾಗಿರುವುದಕ್ಕೆ ದೈವವನ್ನು ದೂರಬೇಡ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಯನ್ನು ಒರೆಸಿ, ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆಗಿಡುತ್ತಾರೆ. ನಿನಗೆ ಅಷ್ಟು ಶ್ರದ್ಧೆ ವರ್ಷಕ್ಕೊಮ್ಮೆಯಾದರೆ ಸಾಲದು. ಅಭ್ಯಾಸ ಮುಗಿದ ಪ್ರತಿ ಸಲ ಬೆವರು ಒರೆಸು. ನಳಿಗೆ ಶುಚಿಯಾಗಲು ಆಗಾಗ ಫೆಲ್ಟ್ ಪೆಲೆಟ್ ಹಾಕು. ಶುಚಿ ಮಾಡುವ ಕಡ್ಡಿಯನ್ನು ಮಾತ್ರ ಮೂತಿಯ ಕಡೆಯಿಂದ ತೂರಿಸಬೇಡ, ಅಲ್ಲಿನ ಅಂಚಿಗೆ ಗೀರು ಬಿದ್ದರೆ ಗುಂಡಿನ ದಾರಿಯೇ ಕೆಡುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲಿಗಿಟ್ಟು ಒಣಗಿಸು.

ಸಿಲಿಂಡರಿನಲ್ಲಿ 200 ಬಾರ್ ಗಾಳಿ ಇರುತ್ತದೆ. ಅದರ ಕವಾಟಕ್ಕಾಗಲಿ ತಿರುಪಿಗಾಗಲಿ ಸಿಕ್ಕ ಎಣ್ಣೆ ಸವರಬೇಡ, ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಲ್ಲದು. ಮೇಲೆ ಅಚ್ಚಾದ ದಿನಾಂಕ ನೋಡು. ತಯಾರಕರು ಸಾಮಾನ್ಯವಾಗಿ 10 ವರ್ಷ ಹೇಳುತ್ತಾರೆ. ಪೆಲೆಟ್ ಸೀಸದ್ದು. ಕೈ ತೊಳೆಯದೆ ತಿಂಡಿ ಮುಟ್ಟಬೇಡ. ಮೂತಿ ಸದಾ ಗುರಿಯ ಕಡೆಗೆ, ಕೆಳಗಿಡುವ ಮುಂಚೆ ಸೇಫ್ಟಿ ಫ್ಲ್ಯಾಗ್ ಒಳಗೆ. ಇದನ್ನು ನಿನಗೆ ಮೊದಲ ದಿನವೇ ಹೇಳಿದ್ದಾರೆ, ಆದರೂ ಬರೆದೆ.

25 ಮೀಟರ್ ಸ್ಪರ್ಧೆಯ ಆಸೆಯನ್ನೂ ತಿಳಿಸಿದ್ದೀಯ. ಅಲ್ಲಿನ .22 ಪಿಸ್ತೂಲಿಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಆದ್ದರಿಂದ ಕ್ಲಬ್ಬಿನದರಲ್ಲೇ, ಕೋಚ್ ಪಕ್ಕದಲ್ಲಿದ್ದಾಗಲೇ ಶುರುಮಾಡು. ಏರ್ ಪಿಸ್ತೂಲಿನ ಅಭ್ಯಾಸದಲ್ಲಿ ಅದನ್ನೂ ಖಾಲಿ ಹೊಡೆದುಬಿಟ್ಟೀಯ! ಅದರ ಫೈರಿಂಗ್ ಪಿನ್ ಬಡಿಯುವುದು ತೋಟೆಯ ಅಂಚಿಗೆ. ತೋಟೆ ಇಲ್ಲದಿದ್ದರೆ ಚೇಂಬರಿನ ಬಾಯಿಗೇ ಬಡಿದು ತಗ್ಗು ಮಾಡಬಹುದು. ಡಮ್ಮಿ ತೋಟೆ ಕೇಳಿ ತೆಗೆದುಕೊ.

ನಿನ್ನ ದೊಡ್ಡಪ್ಪ