ಮರಿಗಳ ಮೈಬಣ್ಣ – ಮಕ್ಕಳ ಮೊದಲ ಪಾಠ



ಯಲಬುರ್ಗಾ ತಾಲೂಕಿನ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಲೆಕ್ಕ ಮುಗಿಯುತ್ತಿದ್ದಂತೆ ತಾಯಿಯೊಬ್ಬರು ತಮ್ಮ ನಾಲ್ಕು ವರ್ಷದ ಮಗನ ಬೆನ್ನಿಗೆ ಒಂದೇಟು ಹಾಕಿದರು. "ಎಷ್ಟ್ ಸಲ ಹೇಳಿದ್ರೂ ಹಸರಿಗೆ ಕೆಂಪು ಅಂತಾನ್ರಿ ಸಿಸ್ಟರ್. ನಾನಂತೂ ಸಾಲಿ ಕಲ್ತಿಲ್ಲ, ಇವನಿಗೇನ್ ಕಲಸ್ಲಿ?" ಅಂದರು. ಹುಡುಗ ಅಳಲಿಲ್ಲ, ತಲೆ ತಗ್ಗಿಸಿ ಕುಳಿತ. ಆಮೇಲೆ ಯಾರು ಮಾತಾಡಿಸಿದರೂ ಬಾಯಿ ಬಿಡಲಿಲ್ಲ.

ಆ ತಾಯಿ ಉಟ್ಟಿದ್ದು ಇಳಕಲ್ ಸೀರೆ. ಒಡಲಿನಲ್ಲಿ ಚೌಕಡಿ, ದಡಿಯಲ್ಲಿ ಪಟ್ಟಿ, ಕೆಂಪು ಸೆರಗಿನಲ್ಲಿ ಬಿಳಿ ಸಾಲು. ಕಲಿಸುವ ಪುಸ್ತಕ ಅವರ ಮೈಮೇಲೇ ಇತ್ತು! ಸಾಲಿ ಕಲಿಯದ ತಾಯಿಯೂ ಮಗುವಿಗೆ ಮೊದಲ ಟೀಚರ್ ಆಗಬಹುದು. ಹೇಗೆ ಅಂತ ನೋಡೋಣ.

ಬಣ್ಣ, ಗುರುತು ಯಾಕೆ ಕಲಿಸಬೇಕು?

'ಪ' ಮತ್ತು 'ಷ' ಅಕ್ಷರ ನೋಡಿ. ಹೊಟ್ಟೆಯೊಳಗಿನ ಒಂದು ಗೆರೆಯಷ್ಟೇ ವ್ಯತ್ಯಾಸ. ಪಟ್ಟಿ ಯಾವುದು, ಚುಕ್ಕಿ ಯಾವುದು ಎಂದು ಗುರುತಿಸಲು ಕಲಿತ ಕಣ್ಣಿಗೆ ಮುಂದೆ ಅಕ್ಷರದ ವ್ಯತ್ಯಾಸವೂ ಸುಲಭವಾಗಿ ಕಾಣುತ್ತದೆ. ಕೆಂಪು, ಬಿಳಿ, ಕೆಂಪು, ಬಿಳಿ – ಮುಂದೆ ಯಾವುದು ಎಂದು ಹೇಳುವ ಮಗು ಲೆಕ್ಕದ ಮೊದಲ ಮೆಟ್ಟಿಲು ಹತ್ತಿದಂತೆ.

ಮರಿಗಳೇ ಟೀಚರ್

ಮಕ್ಕಳಿಗೆ ಮರಿ ಅಂದರೆ ಪ್ರಾಣ. ಆದ್ದರಿಂದ ಮರಿಗಳಿಂದಲೇ ಶುರು ಮಾಡೋಣ.

* ಹುಲಿಮರಿ: ಹುಟ್ಟುವಾಗಲೇ ಮೈಮೇಲೆ ಕಪ್ಪು ಪಟ್ಟಿ. ಒಂದು ಹುಲಿಯ ಪಟ್ಟಿ ಇನ್ನೊಂದಕ್ಕೆ ಇರುವುದಿಲ್ಲ.
* ಜಿಂಕೆಮರಿ: ಕಂದು ಮೈ, ಬಿಳಿ ಚುಕ್ಕಿ. ಚುಕ್ಕಿ ಜಿಂಕೆಗೆ ಇದು ಬದುಕಿನುದ್ದಕ್ಕೂ ಉಳಿಯುತ್ತದೆ.
* ಸಿಂಹದ ಮರಿ: ಎಳೆಯದಿದ್ದಾಗ ಮೈಮೇಲೆ ಮಸುಕು ಚುಕ್ಕಿ. ಬೆಳೆದಂತೆ ಮಾಸುತ್ತದೆ.
* ಕಾಡುಹಂದಿ ಮರಿ: ಮೈಯುದ್ದಕ್ಕೂ ಪಟ್ಟಿ. ಕೆಲವು ತಿಂಗಳಲ್ಲಿ ಹೋಗಿಬಿಡುತ್ತದೆ.
* ಕರಡಿಮರಿ: ಮೈಯೆಲ್ಲ ಕಪ್ಪು, ಎದೆಯ ಮೇಲೆ ಬಿಳಿ ಗುರುತು. ತಾಯಿಯ ಬೆನ್ನೇರಿ ತಿರುಗುತ್ತದೆ.

ಮರಿಗಳಿಗೆ ಈ ಗುರುತು ಯಾಕೆ? ಬಿಸಿಲು-ನೆರಳು ಬೀಳುವ ಹುಲ್ಲಿನಲ್ಲಿ ಚುಕ್ಕಿ, ಪಟ್ಟಿಯ ಮೈ ವೈರಿಗೆ ಬೇಗ ಕಾಣುವುದಿಲ್ಲ. ದೇವರು ಎಳೆಯದಕ್ಕೆ ಕೊಟ್ಟ ಕಾವಲು ಅದು. ಇದನ್ನು ಕಥೆಯಾಗಿ ಹೇಳಿ, ಮಗು ಮರೆಯುವುದಿಲ್ಲ.

ಹೇಗೆ ಕಲಿಸುವುದು?

1. ಜೋಡಿ: ಮೊದಲು ಹೆಸರು ಕೇಳಬೇಡಿ. "ಇಂಥದ್ದೇ ಬಣ್ಣದ್ದು ಇನ್ನೊಂದು ತಾ" ಅನ್ನಿ.
2. ಹೆಸರು: "ಇದು ಕೆಂಪು" ಎಂದು ನೀವೇ ಹೇಳಿ. ಒಂದು ಸಲಕ್ಕೆ ಎರಡು ಬಣ್ಣ ಸಾಕು. ಅದು ರೂಢಿಯಾದ ಮೇಲೆ ಮೂರನೆಯದು.
3. ಹುಡುಕು: "ಪಟ್ಟಿ ಇರೋ ಮರಿ ಎಲ್ಲೈತಿ? ಚುಕ್ಕಿ ಇರೋದು ಎಲ್ಲೈತಿ?"
4. ಹೇಳು: ಕೊನೆಗೆ ಮಗುವಿನ ಬಾಯಿಂದ ಹೇಳಿಸಿ.

ಸಾಮಾನಿಗೆ ದುಡ್ಡು ಬೇಡ. ಮನೆಯ ಆಡಿನ ಮರಿ, ಎಮ್ಮೆ ಕರು, ಕೋಳಿಮರಿ ಇವೆ. ಜೋಳದ ಹಿಟ್ಟಿನ ಮುದ್ದೆಯಲ್ಲಿ ಮರಿ ಮಾಡಿ, ಅರಿಷಿಣ, ಕುಂಕುಮ, ಇದ್ದಿಲಿನಿಂದ ಪಟ್ಟಿ, ಚುಕ್ಕಿ ಇಡಿ. ನಮ್ಮ ಜಿಲ್ಲೆಯ ಕಿನ್ನಾಳದ ಕಲಾವಿದರು ಹಗುರ ಮರದಲ್ಲಿ ಮಾಡುವ ಬಣ್ಣದ ಪ್ರಾಣಿಗಳು ಹೆಸರುವಾಸಿ. ಅವನ್ನೂ ತೋರಿಸಿ. ಹಂಪಿ ಬಳಿಯ ಕಮಲಾಪುರದಲ್ಲಿ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ ಇದೆ, ಗದಗ ಬಳಿ ಬಿಂಕದಕಟ್ಟಿಯಲ್ಲೂ ಒಂದಿದೆ. ಸಂಘದಿಂದ ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದೊಯ್ಯಬಹುದು.

ಹೊಡೆಯಬೇಡಿ

ಮೂರು-ನಾಲ್ಕು ವರ್ಷದ ಮಗು ಬಣ್ಣದ ಹೆಸರು ತಪ್ಪುವುದು ಸಹಜ. ಆದರೆ ಬೇರೆಲ್ಲ ಚುರುಕಿದ್ದು, ಐದು ದಾಟಿದರೂ ಕೆಂಪು-ಹಸಿರು ಜೋಡಿಸಲು ಬರದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಹುಟ್ಟಿನಿಂದಲೇ ಈ ಎರಡು ಬಣ್ಣದ ಭೇದ ಸರಿಯಾಗಿ ಕಾಣುವುದಿಲ್ಲ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಅದು ದಡ್ಡತನವಲ್ಲ, ಹಟವೂ ಅಲ್ಲ. ಅಂಥ ಮಗು ಪಟ್ಟಿ, ಚುಕ್ಕಿಗಳನ್ನು ಎಲ್ಲರಂತೆ ಕಲಿಯುತ್ತದೆ. ಪೆಟ್ಟು ತಿಂದ ಮಗು ಕಲಿಯುವುದು ಒಂದೇ: ಬಾಯಿ ಮುಚ್ಚಿಕೊಂಡಿರುವುದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ಪಟ್ಟಿ, ಚುಕ್ಕಿ, ಚೌಕಡಿ ಎಲ್ಲೆಲ್ಲಿ ಇವೆ?
2. ತಪ್ಪು ಹೇಳಿದ ಮಗುವಿಗೆ ನಾವು ಏನು ಹೇಳುತ್ತೇವೆ?
3. ನಮ್ಮೂರ ಅಂಗನವಾಡಿಗೆ ಈ ಆಟದಲ್ಲಿ ಸಂಘ ಹೇಗೆ ನೆರವಾಗಬಹುದು?

ಈ ತಿಂಗಳ ತೀರ್ಮಾನ: ದಿನಾ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಹತ್ತು ನಿಮಿಷ ಮಗುವಿನ ಜೊತೆ ಬಣ್ಣದ ಆಟ. ಕೈ ಎತ್ತುವುದು ಬೇಡ.