ಕಾಯಕವೂ ವಿದ್ಯಾದಾಸೋಹವೂ

ಶರಣರ ಮತದಲ್ಲಿ ಕಾಯಕವು ಉದರಪೋಷಣೆಯ ಉಪಾಯ ಮಾತ್ರವಾಗಿರದೆ ಲಿಂಗಪೂಜೆಗೆ ಸಮನಾದ ಸಾಧನೆಯೂ ಆಗಿದೆ. ಸಾಧನೆಗೆ ಗುರುವು ಬೇಕು. ಗುರುವಿನಿಂದ ಪಡೆದುದನ್ನು ಮುಂದಿನವರಿಗೆ ಸಲ್ಲಿಸುವ ದಾಸೋಹಬುದ್ಧಿಯೂ ಬೇಕು. ಕೈಕಸುಬಿನ ವಿದ್ಯೆಯಲ್ಲಿ ಇವೆರಡೂ ಕಣ್ಣಿಗೆ ಕಾಣುವಂತಿವೆ.

ಸೊರಬದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅಲ್ಲಿ ಎಳೆಯನು ಹಿರಿಯರ ಮಗ್ಗುಲಲ್ಲಿ ಕುಳಿತು, ಅವರ ಕೈಯನ್ನು ನೋಡಿ ತನ್ನ ಕೈಯನ್ನು ತಿದ್ದಿಕೊಳ್ಳುತ್ತಾನೆ. ಮೊದಲು ರೇಖೆ, ಬಳಿಕ ಎಲೆಬಳ್ಳಿ, ಕಡೆಗೆ ಮೂರ್ತಿಯ ಮುಖ. ಉಳಿಯು ಒಮ್ಮೆ ಜಾರಿದರೆ ಬೆಲೆಯುಳ್ಳ ಮರವು ಕೆಡುವುದು. ಅದನ್ನರಿತೂ ಹಿರಿಯನು ಎಳೆಯನ ಕೈಗೆ ಮರವನ್ನು ಕೊಡುವನಲ್ಲವೆ? ಅದೇ ವಿದ್ಯಾದಾಸೋಹ.

ಇದು ಈ ಸೀಮೆಗೆ ಹೊಸತಲ್ಲ. ಅಲ್ಲಮಪ್ರಭುಗಳ ಜನ್ಮಭೂಮಿಯೆಂದು ಪ್ರಸಿದ್ಧವಾದ ಬಳ್ಳಿಗಾವೆಯು ಶಿಕಾರಿಪುರ ತಾಲ್ಲೂಕಿನದು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜನೂ ಅವನ ಮಗ ಚಾವಣನೂ ಕೆಲಸಮಾಡಿದರು. ಅಲ್ಲಿಯ ಶಿಲ್ಪಿಗಳ ಬರೆಹಗಳಲ್ಲಿ ಪ್ರತಿಸ್ಪರ್ಧಿಗಳನ್ನು ಹಳಿಯುವ ಬಿರುದುಗಳೂ ಉಂಟು. ಆದರೆ ಚಾವಣನು ದಾಸೋಜನ ಮಗನೆಂದೇ ಗುರುತಾಗಿದ್ದಾನೆ. ‘ನಾನು ಮಾಡಿದೆ’ ಎಂಬಲ್ಲಿ ಅಹಂಕಾರವು ಇಣುಕುವುದು. ‘ಇಂಥವರಿಂದ ಕಲಿತೆ’ ಎಂಬಲ್ಲಿ ಋಣದ ಅರಿವು ಉಳಿಯುವುದು. ಸಾಧಕನು ಬಿರುದನ್ನು ಬಿಟ್ಟು ಋಣವನ್ನು ಹಿಡಿಯತಕ್ಕದ್ದು.

ಹೊಲ, ಮಗ್ಗ, ಅಂಗಡಿ, ಅಡುಗೆಮನೆ, ಎಲ್ಲಿಯೇ ಆಗಲಿ, ತಾನು ಬಲ್ಲ ಮರ್ಮವನ್ನು ಬಚ್ಚಿಟ್ಟವನೊಡನೆ ಆ ವಿದ್ಯೆಯೂ ಮಣ್ಣುಗೂಡುತ್ತದೆ. ಅನ್ನವನ್ನು ಹಂಚುವ ಗೃಹಸ್ಥನು ಕೈಯರಿವನ್ನೂ ಹಂಚಬೇಕು. ಎಳೆಯನು ಕೆಡಿಸುವನೆಂದು ಅಂಜಿ ಉಳಿಯನ್ನು ಕೊಡದಿದ್ದರೆ, ಮುಂದೆ ಕೆಡಿಸುವುದಕ್ಕೂ ಯಾರೂ ಉಳಿಯುವುದಿಲ್ಲ. ಕಲಿತವನ ಕಾಯಕವು ಕಲಿಸಿದಾಗಲೇ ಪೂರ್ಣ.